ಅಟ್ಟದ ಮೇಲಿನ ಕೋವಿ, ಕಡಲೆಕಾಯಿ ಹೊಲದ ಜಿಂಕೆ

ಮುಂಗಾರು ಬಿದ್ದು ಕಡಲೆಕಾಯಿ ಮೊಳಕೆ ಒಡೆಯುವ ಹೊತ್ತಿಗೆ ಮಧುಗಿರಿ ಸೀಮೆಯ ಅರಳಿಕಟ್ಟೆಗಳಲ್ಲಿ ಹಳೆಯ ಪ್ರಶ್ನೆಯೊಂದು ಮತ್ತೆ ಏಳುತ್ತದೆ. ಕೇಪಿನ ಕೋವಿಗೆ ಮದ್ದು ಎಷ್ಟು ಹಾಕಬೇಕು, ಜಿಂಕೆಗೆ ಗುಂಡೋ ಚರೆಯೋ? ತಾತಂದಿರ ಕಾಲದಲ್ಲಿ ಶಿಕಾರಿಗೂ ಪರವಾನಗಿ ಸಿಗುತ್ತಿತ್ತು, ಹಾಗಾಗಿ ಉತ್ತರವೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಆದರೆ ಕೋವಿ ಅಟ್ಟದ ಮೇಲೆ ಹಾಗೇ ಇದೆ, ಜಿಂಕೆ ಹೊಲಕ್ಕೆ ಬರುತ್ತಲೇ ಇದೆ, ಬೆಳೆ ಹೋದವನ ಹೊಟ್ಟೆಯುರಿಯೂ ಸುಳ್ಳಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ರೈತರು ಕಾನೂನಿನ ಒಳಗೇ ಏನೇನು ಮಾಡಬಹುದು ಎನ್ನುವುದು ಇಲ್ಲಿದೆ.

ಮೊದಲು, ಬಂದದ್ದು ಯಾವ ಪ್ರಾಣಿ?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸುತ್ತ ಜನ ಜಿಂಕೆ ಅನ್ನುವುದು ಕೃಷ್ಣಮೃಗವನ್ನು. ಅಲ್ಲಿನ ಹುಲ್ಲುಗಾವಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಆಯಿತು. ಶಿರಾ ಕಡೆಯ ಬುಕ್ಕಾಪಟ್ಟಣದಲ್ಲಿ ಚಿಂಕಾರಗಳಿವೆ. ಅವುಗಳಿಗಾಗಿ 2019ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಕೊರಟಗೆರೆ ಮತ್ತು ಮಧುಗಿರಿಯ ನಡುವಿನ ತಿಮ್ಲಾಪುರದ ಕಾಡು ಕರಡಿಗೆ ಹೆಸರುವಾಸಿ, ಅದೂ ಅಭಯಾರಣ್ಯ. ಕೃಷ್ಣಮೃಗ, ಚಿಂಕಾರ, ಕರಡಿ, ಚಿರತೆ ಎಲ್ಲವೂ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿವೆ. ಚುಕ್ಕೆ ಜಿಂಕೆ, ಕಾಡುಹಂದಿ ಎರಡನೆಯದರಲ್ಲಿ.

ಈ ಭೇದ ಬರೀ ಕಾಗದದ ಮೇಲಿನದಲ್ಲ. ಎರಡನೇ ಅನುಸೂಚಿಯ ಪ್ರಾಣಿಯಿಂದ ಬೆಳೆಗೆ ಅಪಾಯವಾಗಿದ್ದರೆ ಅದನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರು ಲಿಖಿತ ಅನುಮತಿ ಕೊಡಲು ಕಾಯ್ದೆಯ 11ನೇ ಕಲಂ ಅವಕಾಶ ಇಟ್ಟಿದೆ. ಮೊದಲನೇ ಅನುಸೂಚಿಯ ಪ್ರಾಣಿಗೆ ಬೆಳೆಯ ನೆಪವೇ ನಡೆಯುವುದಿಲ್ಲ. ಅದು ಮನುಷ್ಯರ ಜೀವಕ್ಕೆ ಅಪಾಯ ತಂದಿರಬೇಕು, ಇಲ್ಲವೇ ವಾಸಿಯಾಗದ ಗಾಯ, ರೋಗದಿಂದ ನರಳುತ್ತಿರಬೇಕು. ಅಂದರೆ ಹತ್ತು ಎಕರೆ ಕಡಲೆಕಾಯಿ ಮೇಯ್ದರೂ ಕೃಷ್ಣಮೃಗವನ್ನು ಹೊಡೆಯಲು ಯಾವ ಅಧಿಕಾರಿಯೂ ಅನುಮತಿ ಕೊಡಲಾರರು. ಕೇರಳದಲ್ಲಿ 2022ರಿಂದ ಪಂಚಾಯಿತಿ ಅಧ್ಯಕ್ಷರೇ ಕಾಡುಹಂದಿ ಕೊಲ್ಲಲು ಅನುಮತಿ ಕೊಡಬಹುದು ಎನ್ನುವ ವಿಡಿಯೊಗಳು ಫೋನಿನಲ್ಲಿ ಓಡಾಡುತ್ತವೆ. ಅದು ಕೇರಳ ಸರ್ಕಾರದ ಆದೇಶ. ಅದನ್ನು ನಂಬಿ ಇಲ್ಲಿ ಕೋವಿ ಎತ್ತಬೇಡಿ.

ಶಿಕ್ಷೆಯೂ ಸಣ್ಣದಲ್ಲ. 2022ರ ತಿದ್ದುಪಡಿಯ ನಂತರ ಮೊದಲನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ₹25,000ಕ್ಕೆ ಕಡಿಮೆಯಿಲ್ಲದ ದಂಡ. ಉರುಳು ಹಾಕುವುದು, ವಿಷ ಇಡುವುದು, ಹೊಡೆಯಲು ಯತ್ನಿಸುವುದು ಎಲ್ಲವೂ ಬೇಟೆಯ ವ್ಯಾಖ್ಯೆಯೊಳಗೇ ಬರುತ್ತವೆ. ಗುಂಡು ತಪ್ಪಿತು ಅಂದರೆ ಕೇಸು ತಪ್ಪುವುದಿಲ್ಲ. ಮಾಂಸದಲ್ಲಿ ಪಾಲು ತೆಗೆದುಕೊಂಡವನೂ ಸಿಕ್ಕಿಬೀಳುತ್ತಾನೆ. 1998ರ ಕೃಷ್ಣಮೃಗ ಪ್ರಕರಣದಲ್ಲಿ ಜೋಧಪುರದ ನ್ಯಾಯಾಲಯ ಸಲ್ಮಾನ್ ಖಾನ್‌ಗೆ 5 ವರ್ಷ ಶಿಕ್ಷೆ ಹಾಕಿದ್ದು 2018ರಲ್ಲಿ. ಅಂಥವರಿಗೆ ದೊಡ್ಡ ವಕೀಲರಿದ್ದಾರೆ. ನಮ್ಮ ರೈತ ಮಧುಗಿರಿ ಕೋರ್ಟಿಗೆ ವರ್ಷಗಟ್ಟಲೆ ಬಸ್ಸಿನಲ್ಲಿ ಅಲೆಯಬೇಕು.

ಕೋವಿಯ ಕಾಗದ ನೋಡಿ

ಮದ್ದು ಜಡಿಯುವ ಹಳೆಯ ಕೋವಿಗೆ ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಎಂದು ಬರೆದಿರುತ್ತದೆ. ಬೆಳೆ ರಕ್ಷಣೆ ಎಂಬ ಉದ್ದೇಶಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆಯೇ ಹೆಸರಿಸಿರುವುದು ಈ ಜಾತಿಯ ಕೋವಿಯನ್ನು. ಇದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟಾ ಹಾಕುವ ಬಂದೂಕು. ಕೋವಿ ಇಟ್ಟುಕೊಳ್ಳಲು ಬಿಡುವ ಈ ಕಾನೂನು ಪ್ರಾಣಿ ಹೊಡೆಯಲು ಬಿಡುವುದಿಲ್ಲ. ಇದು ಅರ್ಥವಾಗದೆ ಸಿಕ್ಕಿಹಾಕಿಕೊಂಡವರು ಬಹಳ.

ಲೈಸೆನ್ಸ್ ಕೊಡುವವರು ತುಮಕೂರಿನ ಜಿಲ್ಲಾಧಿಕಾರಿ. ಅವಧಿ 2019ರ ತಿದ್ದುಪಡಿಯಿಂದ 5 ವರ್ಷ. ಮುಗಿಯುವ ಎರಡು ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ ಸ್ವೀಕೃತಿ ಇಟ್ಟುಕೊಳ್ಳಿ, ಪುಸ್ತಕದಲ್ಲಿ ಯುಐಎನ್ (ವಿಶಿಷ್ಟ ಗುರುತಿನ ಸಂಖ್ಯೆ) ಇದೆಯೇ ನೋಡಿ. ಚುನಾವಣೆ ಘೋಷಣೆಯಾಗಿ ಠೇವಣಿ ಇಡಲು ಆದೇಶ ಬಂದರೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ.

ತಾತನ ಹೆಸರಿನ ಕೋವಿ ತಾತ ಹೋದ ಮೇಲೂ ಮನೆಯಲ್ಲೇ ಇದೆಯೇ? ಹಳ್ಳಿಗಳಲ್ಲಿ ಇದೇ ದೊಡ್ಡ ತೊಡಕು. ಪರವಾನಗಿ ಇದ್ದವರು ತೀರಿಕೊಂಡರೆ ವಾರಸುದಾರರು ತಡಮಾಡದೆ ಆಯುಧವನ್ನು ಹತ್ತಿರದ ಠಾಣೆಯಲ್ಲಾಗಲಿ ಪರವಾನಗಿ ಇರುವ ಶಸ್ತ್ರಾಸ್ತ್ರ ಅಂಗಡಿಯಲ್ಲಾಗಲಿ ಇಟ್ಟು, ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ನೆನಪಿಗಿರಲಿ ಅಂತ ಇಟ್ಟುಕೊಂಡೆವು ಅನ್ನುವುದು ಠಾಣೆಯಲ್ಲಿ ಉತ್ತರವಾಗುವುದಿಲ್ಲ. ಲೈಸೆನ್ಸ್ ಇಲ್ಲದ ಬಂದೂಕಿಗೆ 2ರಿಂದ 5 ವರ್ಷದವರೆಗೆ ಶಿಕ್ಷೆಯಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ನಮ್ಮ ತಾಲ್ಲೂಕುಗಳಿಗಿಲ್ಲ.

ಇನ್ನೊಂದು ನಿಯಮ ಬಹಳ ಜನರ ಕಿವಿಗೇ ಬಿದ್ದಿಲ್ಲ. ಅಭಯಾರಣ್ಯದೊಳಗೆ ಅಥವಾ ಅದರಿಂದ 10 ಕಿ.ಮೀ. ಒಳಗೆ ವಾಸಿಸುವ ಕೋವಿದಾರರು ಅಭಯಾರಣ್ಯ ಘೋಷಣೆಯಾದ 3 ತಿಂಗಳಲ್ಲಿ ತಮ್ಮ ಹೆಸರನ್ನು ಅರಣ್ಯ ಇಲಾಖೆಯಲ್ಲಿ ನೋಂದಾಯಿಸಬೇಕು ಎನ್ನುತ್ತದೆ ವನ್ಯಜೀವಿ ಕಾಯ್ದೆಯ 34ನೇ ಕಲಂ. ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆಯೂ ಬೇಕು. ಬುಕ್ಕಾಪಟ್ಟಣ, ತಿಮ್ಲಾಪುರಗಳ ಸುತ್ತಿನ ಹಳ್ಳಿಯವರು ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ ಕೇಳಿ. ತಡವಾಗಿದ್ದರೂ ನೀವೇ ಹೋಗಿ ಹೇಳುವುದು ಅವರು ಬಂದು ಕೇಳುವುದಕ್ಕಿಂತ ಒಳ್ಳೆಯದು. ಪಾವಗಡದವರು ಮತ್ತೊಂದನ್ನು ಗಮನಿಸಿ. ತಾಲ್ಲೂಕಿನ ಸುತ್ತ ಬಹುಪಾಲು ಆಂಧ್ರ. ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ ಸೀಮಿತವಾಗಿದ್ದರೆ ಗಡಿಯಾಚೆಯ ಸ್ವಂತ ಹೊಲಕ್ಕೂ ಕೋವಿ ಒಯ್ಯುವಂತಿಲ್ಲ.

ಒಳಗೆ ಮದ್ದು ಇದೆಯೇ?

ಈ ಕೋವಿಗಳ ದೊಡ್ಡ ಅಪಾಯವೆಂದರೆ ಜಡಿದಿಟ್ಟ ಮದ್ದು ಹೊರಗೆ ಕಾಣುವುದಿಲ್ಲ. ತೋಟಾ ಬಂದೂಕಿನಂತೆ ಮಡಿಚಿ ನೋಡಲು ಬರುವುದಿಲ್ಲ. ವರ್ಷಗಳ ಹಿಂದೆ ಯಾರೋ ಜಡಿದು ಮೂಲೆಗೆ ಒರಗಿಸಿದ್ದು ಇಂದಿಗೂ ಸಿಡಿಯಬಲ್ಲದು. ಹಾಗಾಗಿ ಹಳೆಯ ಕೋವಿ ತುಂಬಿದೆ ಎಂದೇ ತಿಳಿದು ನಡೆದುಕೊಳ್ಳಿ. ಖಾಲಿಯೆಂದು ಖಾತ್ರಿಯಿದ್ದಾಗ ಜಡಿಯುವ ಸರಳನ್ನು ನಳಿಗೆಯ ತಳ ಮುಟ್ಟುವಂತೆ ಇಳಿಸಿ, ಬಾಯಿಯ ಮಟ್ಟಕ್ಕೆ ಸರಳಿನ ಮೇಲೆ ಗುರುತು ಹಾಕಿಡುವುದು ಹಳಬರ ಕ್ರಮ. ಮುಂದೆ ಎಂದಾದರೂ ಸರಳು ಇಳಿಸಿದಾಗ ಗುರುತು ಬಾಯಿಯಿಂದ ಮೇಲೆ ನಿಂತರೆ ಒಳಗೆ ಏನೋ ಇದೆ. ಅದನ್ನು ಕೆದಕಿ ತೆಗೆಯಲು ಹೋಗಬೇಡಿ, ಬೆಂಕಿಯ ಹತ್ತಿರವಂತೂ ಬೇಡ. ಠಾಣೆಗೆ ತಿಳಿಸಿ, ಪರವಾನಗಿ ಇರುವ ಕೋವಿ ರಿಪೇರಿಯವರಿಂದಲೇ ತೆಗೆಸಿ. ಕೇಪು ಮತ್ತು ಮದ್ದನ್ನು ಕೋವಿಯಿಂದ ದೂರ, ಬೀಗ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಮನೆಯಲ್ಲಿ ಮದ್ದು ಅರೆಯುವುದು, ಹಂದಿಗೆಂದು ಸಿಡಿಮದ್ದಿನ ಉಂಡೆ ಕಟ್ಟುವುದು ಅಪರಾಧ. ಆ ಉಂಡೆ ಕಚ್ಚಿ ಬಾಯಿ ಛಿದ್ರವಾದ ಹಸುಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ.

ಹೊಲ ಕಾಯುವುದು

ಜಿಂಕೆ ಮತ್ತು ಹಂದಿ ಬೇರೆ ಬೇರೆ ಹೊತ್ತಿನಲ್ಲಿ ಹೊಡೆತ ಕೊಡುತ್ತವೆ. ಕೃಷ್ಣಮೃಗ ಬೆಳಿಗ್ಗೆ, ಸಂಜೆ ಬೆಳಕಿನಲ್ಲೇ ಎಳೆಯ ಚಿಗುರಿಗೆ ಬರುತ್ತದೆ, ಹಂದಿ ರಾತ್ರಿ ಬಂದು ಬಲಿತ ಕಾಯನ್ನು ಅಗೆಯುತ್ತದೆ. ಆದ್ದರಿಂದ ಬಿತ್ತಿದ ಮೊದಲ ತಿಂಗಳು ಹಗಲಿನ ಕಾವಲು, ಕೀಳುವ ಮುಂಚಿನ ತಿಂಗಳು ರಾತ್ರಿ ಕಾವಲು. ಎರಡನ್ನೂ ನಾಲ್ಕು ತಿಂಗಳು ಮಾಡಿ ದಣಿಯುವುದರಲ್ಲಿ ಅರ್ಥವಿಲ್ಲ. ಅಕ್ಕಪಕ್ಕದ ಹೊಲದವರು ಒಟ್ಟಿಗೆ ಬಿತ್ತಿ, ಸರದಿಯ ಮೇಲೆ ಕಾದರೆ ಹೊರೆ ಇಳಿಯುತ್ತದೆ. ಬದುವಿನ ಸುತ್ತ ಹಳೆ ಸೀರೆ ಕಟ್ಟುವುದು ಕೆಲವು ವಾರ ಕೆಲಸ ಮಾಡುತ್ತದೆ, ಆಮೇಲೆ ಪ್ರಾಣಿಗಳಿಗೆ ಅಭ್ಯಾಸವಾಗುತ್ತದೆ. ಜಾಗ, ಬಣ್ಣ ಬದಲಿಸುತ್ತಿರಬೇಕು. ಡಬ್ಬ, ತಮಟೆಯ ಸದ್ದಿಗೂ ಇದೇ ಮಿತಿ. ಕತ್ತಲಲ್ಲಿ ಹಂದಿ ಅಂದುಕೊಂಡು ಮನುಷ್ಯರಿಗೇ ಗುಂಡು ಹೊಡೆದ ಪ್ರಕರಣಗಳು ರಾಜ್ಯದಲ್ಲಿ ಮತ್ತೆ ಮತ್ತೆ ಆಗಿವೆ, ಆದ್ದರಿಂದ ರಾತ್ರಿ ಕಾವಲಿಗೆ ಟಾರ್ಚ್ ಒಯ್ಯಿರಿ, ಕೋವಿ ಮನೆಯಲ್ಲಿರಲಿ.

ಬೇಲಿ ಹಾಕುವುದಾದರೆ ಸೋಲಾರ್ ಬೇಲಿ. ಅದು ಕ್ಷಣಮಾತ್ರ ಚುರುಕು ಮುಟ್ಟಿಸುತ್ತದೆ, ಕೊಲ್ಲುವುದಿಲ್ಲ. ಕಂಬದ ಲೈನಿನಿಂದ ನೇರ ಕರೆಂಟ್ ಎಳೆದ ತಂತಿ ಮುಂಜಾನೆ ನೀರು ಹಾಯಿಸಲು ಬಂದ ಪಕ್ಕದ ಹೊಲದವನನ್ನೂ ಬಿಡುವುದಿಲ್ಲ. ಸಹಾಯಧನ ಈ ವರ್ಷ ಇದೆಯೇ ಎಂದು ಅರಣ್ಯ ಮತ್ತು ಕೃಷಿ ಇಲಾಖೆ ಎರಡರಲ್ಲೂ ಕೇಳಿ.

ಬೆಳೆ ಹೋದರೆ

ಹಾನಿಯಾದ ದಿನವೇ ಸಾಲು, ಗೊರಸಿನ ಗುರುತು, ಕಿತ್ತ ಗಿಡಗಳ ಫೋಟೊ ತೆಗೆಯಿರಿ. ಪರಿಶೀಲನೆ ಆಗುವವರೆಗೆ ಹೊಲ ಹರಗಬೇಡಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಟ್ಟು, ಇ-ಪರಿಹಾರ ತಂತ್ರಾಂಶದಲ್ಲಿ ಅದು ದಾಖಲಾಯಿತೇ ಎಂದು ಕೇಳಿ ಸಂಖ್ಯೆ ಬರೆದುಕೊಳ್ಳಿ. ಒಂದೇ ಹಂಗಾಮಿನಲ್ಲಿ ಮತ್ತೆ ಹಾನಿಯಾದರೆ ಮತ್ತೆ ಅರ್ಜಿ ಕೊಡಿ. ಸಿಗುವುದು ಇಷ್ಟೇ ಅಂತ ಬಿಟ್ಟವರ ನಷ್ಟ ಯಾವ ದಾಖಲೆಯಲ್ಲೂ ಇರುವುದಿಲ್ಲ. ಫಸಲ್ ಬಿಮಾ ಯೋಜನೆಯಲ್ಲೂ 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾನಿಯನ್ನು ಸೇರಿಸುವುದಾಗಿ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಪ್ರಕಟಿಸಿದೆ. ಹಾನಿಯನ್ನು 72 ಗಂಟೆಯೊಳಗೆ ಬೆಳೆ ವಿಮೆ ಆ್ಯಪ್‌ನಲ್ಲಿ ಫೋಟೊ ಸಹಿತ ತಿಳಿಸಬೇಕು. ಯಾವ ಪ್ರಾಣಿ, ಯಾವ ಊರು ಎಂಬುದನ್ನು ರಾಜ್ಯ ಅಧಿಸೂಚಿಸಬೇಕಾದ್ದರಿಂದ, ಕಂತು ಕಟ್ಟುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಗಾಯಗೊಂಡ ಜಿಂಕೆ ಹೊಲದಲ್ಲಿ ಬಿದ್ದಿದ್ದರೆ ಅಥವಾ ಕರಡಿ, ಚಿರತೆ ಕಂಡರೆ ಮುಟ್ಟದೆ, ಓಡಿಸದೆ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ.