ಮುದ್ರಕದ ವಿವರಣಾ ಕಡತ ಮತ್ತು ಹಳೆಯ ಗಣಕಯಂತ್ರ

ಗುಂಡ್ಲುಪೇಟೆಯಿಂದ ಮದ್ದೂರು ಮಾರ್ಗವಾಗಿ ಕೇರಳಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ಬಂಡೀಪುರ ಅರಣ್ಯದೊಳಗೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸರಕು ವಾಹನಗಳ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಸಂಜೆ ಸರಕು ತುಂಬಿದ ಲಾರಿಯು ಬಿಲ್ಲಿಗಾಗಿ ಕಾದು ನಿಂತರೆ ಒಂದು ರಾತ್ರಿಯ ಬಾಡಿಗೆಯೇ ನಷ್ಟವಾದೀತು. ಹಳೆಯ ಗಣಕಯಂತ್ರಕ್ಕೆ ಬೇರೊಂದು ಮುದ್ರಕವನ್ನು ಜೋಡಿಸಿದಾಗ ಇಂತಹ ವಿಳಂಬ ಉಂಟಾಗುವುದುಂಟು. ದೋಷವು ಯಂತ್ರದಲ್ಲಿರದೆ ಒಂದು ಸಣ್ಣ ಕಡತದಲ್ಲಿರುವ ಸಂಭವವೂ ಇದೆ.

ಪೋಸ್ಟ್‌ಸ್ಕ್ರಿಪ್ಟ್ ಭಾಷೆಯನ್ನು ಬಲ್ಲ ಮುದ್ರಕಗಳಿಗಾಗಿ ಅಡೋಬ್ ಸಂಸ್ಥೆ ರೂಪಿಸಿದ ಈ ಕಡತಕ್ಕೆ ಪಿಪಿಡಿ ಎಂದು ಹೆಸರು. ಅದು ಗೋದಾಮಿನ ದಾಸ್ತಾನು ಪುಸ್ತಕದಂತೆ: ಯಾವ ಅಳತೆಯ ಹಾಳೆ, ಎಷ್ಟು ತಟ್ಟೆ, ಎರಡೂ ಬದಿಯ ಮುದ್ರಣ ಉಂಟೋ ಇಲ್ಲವೋ ಎಂಬ ವಿವರವನ್ನೂ, ಪ್ರತಿಯೊಂದು ಆಯ್ಕೆಗೆ ಮುದ್ರಕಕ್ಕೆ ಕಳುಹಿಸಬೇಕಾದ ಆಜ್ಞೆಯನ್ನೂ ಅದರಲ್ಲಿ ಬರೆದಿರುತ್ತದೆ. ಗಣಕಯಂತ್ರದ ಡ್ರೈವರ್ ಈ ಪುಸ್ತಕವನ್ನೇ ನಂಬುತ್ತದೆ. ಪುಸ್ತಕದಲ್ಲಿ ಎರಡನೇ ತಟ್ಟೆ ನಮೂದಾಗಿದ್ದರೆ, ಇಲ್ಲದ ತಟ್ಟೆಯಿಂದಲೂ ಹಾಳೆ ಕೇಳೀತು!

ನಮ್ಮಲ್ಲಿ ಹೆಚ್ಚು ತೊಂದರೆ ಕೊಡುವುದು ಹಾಳೆಯ ಅಳತೆ. ಹಲವು ಕಡತಗಳಲ್ಲಿ ಮೊದಲೇ ನಿಗದಿಯಾಗಿರುವುದು 216 × 279 ಮಿ.ಮೀ.ನ ಅಮೆರಿಕದ ಲೆಟರ್ ಹಾಳೆ. ನಾವು ಬಳಸುವ ಎ4 ಹಾಳೆಯಾದರೋ 210 × 297 ಮಿ.ಮೀ. ಉದ್ದದಲ್ಲಿ 18 ಮಿ.ಮೀ. ವ್ಯತ್ಯಾಸ. ಬಿಲ್ಲಿನ ಒಟ್ಟು ಮೊತ್ತವೂ ಸಹಿಯ ಸ್ಥಳವೂ ಕೆಳತುದಿಯಲ್ಲೇ ಇರುವುದರಿಂದ ಅವು ಕತ್ತರಿಸಿಹೋಗುತ್ತವೆ ಅಥವಾ ಮತ್ತೊಂದು ಹಾಳೆಗೆ ಜಾರುತ್ತವೆ. ಕೆಲವು ಮುದ್ರಕಗಳು ಲೆಟರ್ ಹಾಳೆ ಬೇಕೆಂದು ದೀಪ ಮಿನುಗಿಸುತ್ತಾ ನಿಂತೇಬಿಡುತ್ತವೆ. ಸಹಿಯು ಜಿಎಸ್‌ಟಿ ನಿಯಮ 46ರಂತೆ ಬಿಲ್ಲಿನಲ್ಲಿರಬೇಕಾದ ಅಂಶ. ಕಾಗದದ ಬಿಲ್ಲಿನಲ್ಲಿ ಅದಕ್ಕೆ ಸ್ಥಳ ಉಳಿಯಲೇಬೇಕು. ಆದಕಾರಣ ಮುದ್ರಕದ ಸೆಟ್ಟಿಂಗ್‌ನಲ್ಲಿಯೂ ಲೆಕ್ಕದ ತಂತ್ರಾಂಶದಲ್ಲಿಯೂ ಎ4 ಎಂದೇ ಆರಿಸತಕ್ಕದ್ದು. ಒಂದರಲ್ಲಿ ಬದಲಿಸಿ ಇನ್ನೊಂದನ್ನು ಹಾಗೆಯೇ ಬಿಟ್ಟರೆ ಪ್ರಯೋಜನವಿಲ್ಲ.

ಹಳೆಯ ವಿಂಡೋಸ್ ಎಕ್ಸ್‌ಪಿ ಯಂತ್ರವನ್ನು ತೆಗೆದು 64 ಬಿಟ್ ಯಂತ್ರ ತರುವವರು ಒಂದು ಭೇದವನ್ನು ತಿಳಿದಿರಬೇಕು. ಡ್ರೈವರ್ ಒಂದು ಪ್ರೋಗ್ರಾಂ. 32 ಬಿಟ್‌ನದು 64ರಲ್ಲಿ ನಡೆಯದು. ಪಿಪಿಡಿಯಾದರೋ ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದಾದ ಬರಿಯ ಪಠ್ಯ. ಅದನ್ನು ಹೊಸ ಯಂತ್ರದ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್‌ನೊಂದಿಗೂ ಬಳಸಬಹುದು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಈ ಕಡತದ ಪ್ರತಿಯನ್ನು ತೆಗೆದಿಡುವುದು ಲೇಸು. ಹೊಸ ಲಿನಕ್ಸ್ ಯಂತ್ರಗಳಿಗೆ ಮಾತ್ರ ಈ ಉಪಾಯ ಬಹುಕಾಲ ನಡೆಯದು. ಅಲ್ಲಿನ ಕಪ್ಸ್ ಮುದ್ರಣ ವ್ಯವಸ್ಥೆಯವರು ಪಿಪಿಡಿಯನ್ನು ಕೈಬಿಡುವುದಾಗಿ ತಿಳಿಸಿದ್ದಾರೆ.

ಕಾರ್ಬನ್ ಪ್ರತಿಗಳಿಗೆ ಬಳಸುವ ಸಾಮಾನ್ಯ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳಿಗೆ ಪೋಸ್ಟ್‌ಸ್ಕ್ರಿಪ್ಟ್ ತಿಳಿಯದು. ಅವುಗಳಿಗೆ ತಯಾರಕರ ಡ್ರೈವರೇ ಬೇಕು.