ಮಿಟ್ರಲ್ ಕವಾಟದ ಸಂಕೋಚನ ಮತ್ತು ಅದರ ಚಿಕಿತ್ಸೆ

ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಎರಡು ಎಸಳುಗಳ ಕವಾಟವೊಂದುಂಟು. ಇದೇ ಮಿಟ್ರಲ್ ಕವಾಟ. ಆರೋಗ್ಯವಂತ ವಯಸ್ಕರಲ್ಲಿ ಇದರ ದ್ವಾರ 4ರಿಂದ 6 ಚದರ ಸೆಂಟಿಮೀಟರಿನಷ್ಟಿರುತ್ತದೆ. ಒಂದೂವರೆಗೆ ಇಳಿಯಿತೆಂದರೆ ರೋಗ ತೀವ್ರವೆಂದೇ ಎಣಿಕೆ. ನಮ್ಮ ನಾಡಿನಲ್ಲಿ ಇದಕ್ಕೆ ಮುಖ್ಯ ಕಾರಣ ಬಾಲ್ಯದ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದ ಮಕ್ಕಳಲ್ಲಿ, ಸ್ಟ್ರೆಪ್ಟೊಕಾಕಸ್ ರೋಗಾಣುವಿನಿಂದ ಗಂಟಲುನೋವು ಬಂದ ಎರಡು ಮೂರು ವಾರಗಳ ತರುವಾಯ ಜ್ವರದೊಡನೆ ಕೀಲುಗಳು ಬಾತುಕೊಳ್ಳುತ್ತವೆ. ಕೀಲುನೋವು ವಾಸಿಯಾಗುತ್ತದೆ. ಆದರೆ ಕವಾಟದ ಎಸಳುಗಳು ದಪ್ಪವಾಗಿ, ಅಂಚುಗಳು ಬೆಸೆದುಕೊಳ್ಳುತ್ತ ಹೋಗುತ್ತವೆ. ಎಷ್ಟೋ ಹೆಣ್ಣುಮಕ್ಕಳಲ್ಲಿ ಮೊದಲ ಬಸುರಿನ ಏದುಸಿರಿನಿಂದಲೇ ಇದು ಬೆಳಕಿಗೆ ಬರುವುದು.

ಮಾತ್ರೆಗಳು ಮೈಯ ನೀರನ್ನು ಇಳಿಸಿ, ನಾಡಿಯ ವೇಗವನ್ನು ತಗ್ಗಿಸಿ ಉಸಿರಾಟವನ್ನು ಹಗುರಗೊಳಿಸುತ್ತವೆ. ಬೆಸೆದ ಅಂಚನ್ನು ಬಿಡಿಸಲಾರವು. 1925ರಲ್ಲಿ ಲಂಡನ್ನಿನ ಹೆನ್ರಿ ಸೌಟರ್ ಹೃದಯದೊಳಕ್ಕೆ ಬೆರಳನ್ನೇ ತೂರಿಸಿ ಕವಾಟವನ್ನು ಹಿಗ್ಗಿಸಿದ್ದುಂಟು. 1980ರ ದಶಕದಲ್ಲಿ ಜಪಾನಿನ ಕಾಂಜಿ ಇನೋಯೆ, ಎದೆಯನ್ನು ಸೀಳದೆ, ತೊಡೆಸಂದಿನ ರಕ್ತನಾಳದ ಮೂಲಕ ಬಲೂನನ್ನು ಒಯ್ದು ಉಬ್ಬಿಸುವ ವಿಧಾನವನ್ನು ರೂಢಿಗೆ ತಂದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ ಈ ಚಿಕಿತ್ಸೆಗೆ ಹೆಸರಾಗಿದೆ. ಕಡಕೊಳದವರಿಗೆ ಮೈಸೂರಿನಲ್ಲಿಯೇ ಅದರ ಶಾಖೆಯುಂಟು. ಎಸಳು ಮೃದುವಾಗಿದ್ದು, ಸೋರಿಕೆ ಅಲ್ಪವಾಗಿದ್ದು, ರಕ್ತ ಹೆಪ್ಪುಗಟ್ಟಿರದಿದ್ದರೆ ಬಲೂನೇ ಮೊದಲ ಆಯ್ಕೆ. ಹುಟ್ಟಿನಿಂದ ಬಂದ ಕವಾಟ ಉಳಿಯುವುದಕ್ಕಿಂತ ದೊಡ್ಡ ಲಾಭವಿಲ್ಲ. ಕೆಲವರಲ್ಲಿ ವರ್ಷಗಳ ಮೇಲೆ ದ್ವಾರ ಮತ್ತೆ ಕಿರಿದಾಗುವುದುಂಟು.

ಕವಾಟ ಸುಣ್ಣಗಟ್ಟಿ ಬಿರುಸಾಗಿದ್ದರೆ ಶಸ್ತ್ರಕ್ರಿಯೆಯಿಂದ ಬದಲಿಸಬೇಕಾಗುತ್ತದೆ. ಕಷ್ಟದ ಪ್ರಶ್ನೆ ಇಲ್ಲಿಯೇ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ರೂಪಿಸಿ, 1990ರಲ್ಲಿ ಮೊದಲ ಬಾರಿಗೆ ರೋಗಿಗೆ ಜೋಡಿಸಲಾದ ಕವಾಟದಂತಹ ಯಾಂತ್ರಿಕ ಕವಾಟಗಳು ಬಹುಕಾಲ ಬಾಳುತ್ತವೆ. ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನಪರ್ಯಂತ ವಾರ್ಫರಿನ್ ಸೇವಿಸಿ, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು. ಬಸುರಿನ ಮೊದಲ ತಿಂಗಳುಗಳಲ್ಲಿ ಆ ಮಾತ್ರೆ ಶಿಶುವಿಗೆ ಕೇಡು. ಪ್ರಾಣಿಗಳ ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ಆ ಬಂಧನವಿಲ್ಲ. ಎಳೆಯ ವಯಸ್ಸಿನವರಲ್ಲಿ ಅದು ಬೇಗ ಸವೆದು ಎರಡನೆಯ ಶಸ್ತ್ರಕ್ರಿಯೆ ಬೇಕಾಗುತ್ತದೆ. ಆದುದರಿಂದ ಮದುವೆ, ಮಕ್ಕಳು, ಪರೀಕ್ಷಾಲಯದ ದೂರ ಇವೆಲ್ಲವನ್ನೂ ರೋಗಿಯೊಡನೆಯೇ ಮಾತನಾಡಿ ನಿರ್ಧರಿಸತಕ್ಕದ್ದು. ಮನೆಯ ಹಿರಿಯರೊಡನೆ ಮಾತ್ರ ಮಾತನಾಡಿ ಮುಗಿಸುವುದು ಸರಿಯಲ್ಲವೆಂಬುದು ನನ್ನ ಅಭಿಪ್ರಾಯ.

ಬಲೂನಾಗಲಿ ಶಸ್ತ್ರಕ್ರಿಯೆಯಾಗಲಿ, ಜ್ವರ ಮರುಕಳಿಸದಂತೆ ವೈದ್ಯರು ಹೇಳಿದಷ್ಟು ವರ್ಷ, ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಮುಂದುವರಿಯಬೇಕು. ತಿಂಗಳಿಗೊಂದು ದಿನ ತಪ್ಪದೆ ಗೈರುಹಾಜರಾಗುವ ವಿದ್ಯಾರ್ಥಿಯನ್ನು ಗದರಿಸುವ ಮೊದಲು, ಅದು ಚುಚ್ಚುಮದ್ದಿನ ದಿನವೇ ಎಂದು ಉಪಾಧ್ಯಾಯರು ವಿಚಾರಿಸಬೇಕು.