ದಿನ ತುಂಬದ ಕೂಸಿನ ಕರುಳು

ನಮ್ಮ ಮತ್ತೋಡು ಒಂದು ಕಾಲದಲ್ಲಿ ಗಾಜಿನ ಬಳೆಗಳಿಗೆ ಹೆಸರಾಗಿತ್ತು. 1807ರಲ್ಲಿ ಅಚ್ಚಾದ ಬುಕಾನನನ ಪ್ರವಾಸಗ್ರಂಥದಲ್ಲಿಯೂ ಇಲ್ಲಿಯ ಬಳೆಯ ಕೆಲಸದ ಪ್ರಸ್ತಾಪವುಂಟು. ಏಳನೆಯ ತಿಂಗಳಲ್ಲಿ ಬಸುರಿಗೆ ಬಳೆ ತೊಡಿಸಿ ಮಡಿಲು ತುಂಬುವ ಪದ್ಧತಿಯನ್ನು ಈ ಸೀಮೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಆ ತಿಂಗಳಲ್ಲಿಯೇ, ಅಂದರೆ 28 ವಾರಗಳ ಸುಮಾರಿಗೆ, ಹೆರಿಗೆಯಾಗಿಬಿಟ್ಟರೆ ಕೂಸಿನ ತೂಕವು ಹೆಚ್ಚುಕಡಿಮೆ 1 ಕಿಲೋಗ್ರಾಂ ಮಾತ್ರ. ಅದರ ಉಸಿರಾಟದ ಕಷ್ಟವು ಎಲ್ಲರ ಕಣ್ಣಿಗೂ ಬೀಳುವುದು. ಕರುಳಿನ ಕಷ್ಟವು ಬೀಳುವುದಿಲ್ಲ. ಆದಕಾರಣ ಈ ಶಾಲೆಯಲ್ಲಿ ಶರೀರಶಾಸ್ತ್ರದ ಪಾಠವನ್ನೋದಿ ಈಗ ತಾಯಂದಿರೂ ಅಜ್ಜಿಯರೂ ಆಗಿರುವ ಸಹೋದರಿಯರಿಗಾಗಿಯೂ, ನಮ್ಮ ಮಕ್ಕಳ ತಂದೆತಾಯಿಗಳಿಗಾಗಿಯೂ ಆ ವಿಷಯವನ್ನೇ ಆರಿಸಿಕೊಂಡಿದ್ದೇನೆ.

ಸಣ್ಣ ಕರುಳಿನ ಒಳಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಖಮಲ್ಲಿನ ನವಿರಿನಂತೆ ಎದ್ದುನಿಂತ ಅಸಂಖ್ಯಾತ ಕುಚ್ಚುಗಳು ಕಾಣುತ್ತವೆ. ಅವುಗಳ ಮೇಲೆ ಹಾಸಿರುವುದು ಜೀವಕೋಶಗಳ ಒಂದೇ ಒಂದು ಪದರ. ಕೆರೆಯ ಏರಿಯು ತೂಬಿನಿಂದ ಬೇಕಾದಷ್ಟೇ ನೀರನ್ನು ಬಿಟ್ಟು ಮಿಕ್ಕುದನ್ನು ತಡೆಯುವಂತೆ, ಈ ಪದರವು ಆಹಾರದ ಸಾರವನ್ನು ರಕ್ತಕ್ಕೆ ದಾಟಿಸಿ, ಕರುಳಿನೊಳಗಿರುವ ಕೋಟ್ಯನುಕೋಟಿ ಸೂಕ್ಷ್ಮಜೀವಿಗಳನ್ನು ದಾಟಗೊಡುವುದಿಲ್ಲ. ಕೋಶಗಳ ನಡುವಣ ಸಂದುಗಳನ್ನು ಬಿಗಿಯಾದ ಬೆಸುಗೆಗಳು ಮುಚ್ಚಿರುತ್ತವೆ. ಅಲ್ಲಲ್ಲಿ ಬಟ್ಟಲಿನಾಕಾರದ ಕೋಶಗಳು ಲೋಳೆಯನ್ನು ಸ್ರವಿಸಿ ಪದರಕ್ಕೆ ಹೊದಿಕೆ ಹೊದಿಸುತ್ತವೆ. ಕುಚ್ಚುಗಳ ಬುಡದ ಕುಳಿಗಳಲ್ಲಿ ಪ್ಯಾನೆತ್ ಕೋಶಗಳೆಂಬ ಇನ್ನೊಂದು ಜಾತಿಯುಂಟು. ಸೂಕ್ಷ್ಮಜೀವಿಗಳನ್ನು ಕೊಲ್ಲುವ ದ್ರವ್ಯಗಳನ್ನು ಸುರಿಸುವುದು ಅವುಗಳ ಕೆಲಸ. ಅದೇ ಕುಳಿಗಳ ಮೂಲಕೋಶಗಳು ಹೊಸ ಕೋಶಗಳನ್ನು ಎಡೆಬಿಡದೆ ಹುಟ್ಟಿಸುವುದರಿಂದ ಮೂರರಿಂದ ಐದು ದಿನಗಳಲ್ಲಿ ಪದರವೆಲ್ಲವೂ ಹೊಸದಾಗುತ್ತದೆ. ಮನೆಯ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದಕ್ಕೇ ನಾವು ಬೇಸರಪಡುತ್ತೇವೆ!

ದಿನ ತುಂಬದ ಕೂಸಿನಲ್ಲಿ ಈ ಏರ್ಪಾಡೆಲ್ಲ ಅರೆಬರೆ. ಲೋಳೆ ತೆಳು, ಬೆಸುಗೆ ಸಡಿಲು, ಪ್ಯಾನೆತ್ ಕೋಶಗಳು ಕಡಿಮೆ. ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದುಂಟು. ಸೂಕ್ಷ್ಮಜೀವಿಗಳ ಗುರುತು ಹಿಡಿಯುವ ಟಿ.ಎಲ್.ಆರ್. 4 ಎಂಬ ಗ್ರಾಹಕವು ಗರ್ಭದಲ್ಲಿ ಕರುಳಿನ ಬೆಳವಣಿಗೆಗೂ ನೆರವಾಗುವುದರಿಂದ, ಅಕಾಲದಲ್ಲಿ ಹುಟ್ಟಿದ ಕೂಸಿನ ಕರುಳಿನಲ್ಲಿ ಅದು ಹೆಚ್ಚಾಗಿರುತ್ತದೆ. ಹೊರಗೆ ಬಂದ ಮೇಲೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಕೆರಳಿಸಿದರೆ ಪದರದ ಕೋಶಗಳು ಸಾಯುತ್ತವೆ, ಮೂಲಕೋಶಗಳ ದುರಸ್ತಿಯ ಕೆಲಸ ಕುಂದುತ್ತದೆ, ಕರುಳಿಗೆ ರಕ್ತ ಒಯ್ಯುವ ನಾಳಗಳೂ ಸಂಕುಚಿಸುತ್ತವೆ. ಬಹುಮಟ್ಟಿಗೆ ಪ್ರಾಣಿಗಳ ಮೇಲೆ ನಡೆದ ಪರೀಕ್ಷೆಗಳಿಂದ ವಿದ್ವಾಂಸರು ಕಂಡುಕೊಂಡ ಕ್ರಮವಿದು. ಏರಿಯು ಹೀಗೆ ಒಡೆದು ಕರುಳಿನ ಗೋಡೆಯೇ ಸಾಯುವ ರೋಗಕ್ಕೆ ನೆಕ್ರೊಟೈಸಿಂಗ್ ಎಂಟೆರೊಕೊಲೈಟಿಸ್ ಎಂದು ಹೆಸರು. ಹುಟ್ಟಿದಾಗ 1500 ಗ್ರಾಮಿಗಿಂತ ಕಡಿಮೆ ತೂಗುವ ಕೂಸುಗಳಲ್ಲಿ ನೂರಕ್ಕೆ ಸುಮಾರು 5ರಿಂದ 10ಕ್ಕೆ ಇದು ತಗಲುತ್ತದೆ. ತಗಲಿದವುಗಳಲ್ಲಿ ನಾಲ್ಕರಲ್ಲೊಂದರಷ್ಟು ಉಳಿಯುವುದಿಲ್ಲ.

ರೋಗವು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎರಡನೆಯ ಮೂರನೆಯ ವಾರದಲ್ಲಿ, ಕೂಸು ಇನ್ನು ಗೆದ್ದಿತೆಂದು ಮನೆಯವರು ನಿಟ್ಟುಸಿರುಬಿಡುವ ಹೊತ್ತಿಗೆ. ಹೊಟ್ಟೆಯುಬ್ಬರ, ಹಸುರು ವಾಂತಿ, ಮಲದಲ್ಲಿ ರಕ್ತ, ಹಾಲು ಜೀರ್ಣವಾಗದಿರುವುದು, ಕೂಸು ಮಂಕಾಗಿ ಉಸಿರು ತಡೆತಡೆದು ಆಡುವುದು, ಇವು ಲಕ್ಷಣಗಳು. ಮನೆಗೆ ಬಂದ ಕೂಸಿನಲ್ಲಿ ಇವು ತೋರಿದರೆ ಹರಳೆಣ್ಣೆ, ಬಜೆ, ಗ್ರೈಪ್ ವಾಟರ್ ಎನ್ನುತ್ತ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಅಲ್ಲಿ ಬಾಯಿಂದ ಹಾಲು ಕೊಡುವುದನ್ನು ನಿಲ್ಲಿಸಿ, ರಕ್ತನಾಳದ ಮೂಲಕ ಪೋಷಣೆಯನ್ನೂ ಔಷಧವನ್ನೂ ಕೊಡುತ್ತಾರೆ. ಕರುಳು ತೂತಾದರೆ ಶಸ್ತ್ರಕ್ರಿಯೆಯ ವಿನಾ ಗತ್ಯಂತರವಿಲ್ಲ.

ತಡೆಯುವ ಉಪಾಯಗಳಲ್ಲಿ ಎಲ್ಲಕ್ಕಿಂತ ಬಲವಾದುದು ತಾಯಿಯ ಹಾಲು. ಅದು ಕೇವಲ ಆಹಾರವಲ್ಲ. ಅದರಲ್ಲಿರುವ ಬೆಳವಣಿಗೆಯ ಅಂಶವೊಂದು ಮೇಲೆ ಹೇಳಿದ ಗ್ರಾಹಕದ ಕೆರಳಿಕೆಯನ್ನು ಶಮನಗೊಳಿಸುತ್ತದೆಂದು ಪ್ರಯೋಗಗಳು ತೋರಿಸಿವೆ. ಅದರ ಪ್ರತಿಕಾಯಗಳು ಕರುಳಿನ ಒಳಮೈಗೆ ಕಾವಲಿರುತ್ತವೆ. ಕೂಸಿಗೇ ಜೀರ್ಣವಾಗದ ಕೆಲವು ಸಕ್ಕರೆಗಳು ಹಿತಕರವಾದ ಬ್ಯಾಕ್ಟೀರಿಯಾಗಳಿಗೆ ಉಣಿಸಾಗುತ್ತವೆ. ಹೀಗಿರಲಾಗಿ ಮೊದಲ ಹಳದಿ ಹಾಲನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲಿ, ಕೂಸಿನ ಬಾಯಿಗೆ ಸಕ್ಕರೆನೀರನ್ನೋ ಜೇನನ್ನೋ ಇಡುವ ವಾಡಿಕೆಯನ್ನು ನಾನು ಅಜ್ಞಾನವೆಂದೇ ಹೇಳುವೆನು, ಹಿರಿಯರು ಕ್ಷಮಿಸಬೇಕು.

ತಾಯಿಯ ಹಾಲು ಸಾಲದಿದ್ದರೆ ಬೇರೆ ತಾಯಂದಿರು ದಾನಮಾಡಿದ ಹಾಲುಂಟು. ಡಬ್ಬಿಯ ಹಾಲು ಕುಡಿಯುವ ಇಂಥ ಕೂಸುಗಳಿಗೆ ಈ ರೋಗದ ಸಂಭವವು ದಾನದ ಹಾಲು ಕುಡಿಯುವವುಗಳಿಗಿಂತ ಸುಮಾರು ಇಮ್ಮಡಿ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾಕ್ಟರ್ ಆರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ಏಷ್ಯಾದ ಮೊದಲನೆಯ ತಾಯಿಹಾಲಿನ ಬ್ಯಾಂಕನ್ನು ಸ್ಥಾಪಿಸಿದರು. ಬೆಂಗಳೂರಿನ ಸರಕಾರಿ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ಅಂಥದೊಂದು ತೆರೆಯಿತು. ನಮ್ಮ ಜಿಲ್ಲೆಯ ಮಾರಿಕಣಿವೆಯ ಅಣೆಕಟ್ಟಿಗೂ ಆ ಆಸ್ಪತ್ರೆಗೂ ಒಬ್ಬ ಮಹಾರಾಣಿಯವರ ಹೆಸರೇ ಇದೆಯೆಂಬುದನ್ನು ವಾಚಕರು ಬಲ್ಲರು. ಇಂಥ ಬ್ಯಾಂಕುಗಳಲ್ಲಿ ದಾನಿಗಳ ರಕ್ತವನ್ನು ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಸೆಂಟಿಗ್ರೇಡಿನಲ್ಲಿ 30 ನಿಮಿಷ ಕಾಯಿಸಿ, ಶೈತ್ಯದಲ್ಲಿಡುತ್ತಾರೆ. ಕಾಯಿಸುವಾಗ ಕೆಲವು ಗುಣಗಳು ನಷ್ಟವಾಗುವುದರಿಂದ ಹೆತ್ತ ತಾಯಿಯ ಹಾಲಿಗೇ ಮೊದಲ ಸ್ಥಾನ.

ಇಷ್ಟು ಚಿಕ್ಕ ಕೂಸಿಗೆ ಮೊದಲ ದಿನಗಳಲ್ಲಿ ಒಂದು ಸಲಕ್ಕೆ ನಳಿಗೆಯ ಮೂಲಕ ಕೊಡುವುದು ಒಂದೆರಡು ಮಿಲಿಲೀಟರು ಮಾತ್ರ. ಆದ್ದರಿಂದ ತನಗೆ ಹಾಲೇ ಇಲ್ಲವೆಂದು ಬಾಣಂತಿಯು ಅಳುವಾಗ, ಹಿಂಡಿ ಬಂದ ನಾಲ್ಕು ಹನಿಗಳನ್ನೇ ಶುದ್ಧವಾದ ಬಟ್ಟಲಿನಲ್ಲಿ ಹಿಡಿದು ದಾದಿಯ ಕೈಗೆ ಕೊಡುವಂತೆ ತಾಯಿಯೋ ಅತ್ತೆಯೋ ಅವಳಿಗೆ ಹೇಳಬೇಕು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ ಬಿಡದೆ, ಹೀಗೆ ಹಿಂಡುತ್ತ ಬಂದರೆ ಹಾಲು ತಾನಾಗಿ ಹೆಚ್ಚುತ್ತದೆ.